ಬಾಣಂತಿ ಮನೆಗೆ ನಾಲ್ಕು ಒತ್ತಿ

ಫೋನ್ ಮಾಡಿದವರಿಗೆ ಮನುಷ್ಯರು ಸಿಗದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಜಯನಗರದ ಒಂದು ಆಫೀಸಿನಲ್ಲಿ ಕೂತು ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕನ್ನಡಕ್ಕೆ ಒಂದು ಒತ್ತಿಸಿ, ಆಮೇಲೆ ಎರಡು ಒತ್ತಿಸಿ, ನಡುವೆ ಸ್ವಲ್ಪ ಹೊತ್ತು ಕೊಳಲು ಕೇಳಿಸಿ, ಕೊನೆಗೆ 'ಬೀಪ್ ಸದ್ದಿನ ನಂತರ ನಿಮ್ಮ ಸಂದೇಶ ತಿಳಿಸಿ' ಎಂದು ಸಾಗಹಾಕುವ ಏರ್ಪಾಡನ್ನು ಬೇರೆ ಬೇರೆ ಕಂಪನಿಗಳಿಗೆ ಮಾಡಿಕೊಡುವವಳು ನಾನು. ಜನ ಹಲ್ಲು ಕಡಿದು ಬಯ್ಯುವುದು ಆ ಧ್ವನಿಯನ್ನು, ನನ್ನನ್ನಲ್ಲ. ಆದ್ದರಿಂದ ನಿದ್ದೆಗೇನೂ ತೊಂದರೆ ಇರಲಿಲ್ಲ.

ಆಗ ನಾವು ಬಾಡಿಗೆಗಿದ್ದದ್ದು ಜೆ.ಪಿ. ನಗರದಲ್ಲಿ. ಮೊದಲ ಮಹಡಿಯಲ್ಲಿ ನಾವು, ಕೆಳಗೆ ಓನರ್. ಅವರ ಅಪ್ಪ ರಾಗಿ ಬೆಳೆದ ಹೊಲದಲ್ಲಿ ಅವರು ಬೋರ್‌ವೆಲ್ ಕೊರೆಸಿ, ನಾಲ್ಕು ಟ್ಯಾಂಕರ್ ಇಟ್ಟುಕೊಂಡು ನೀರು ಮಾರುತ್ತಿದ್ದರು. ವ್ಯಾಪಾರ ಅವರದೇ ಆದರೂ ಆಳ್ವಿಕೆ ಅವರ ಹೆಂಡತಿಯದು. ಬೆಳಿಗ್ಗೆ ಆರಕ್ಕೆಲ್ಲ ಓನರ್ ಆಂಟಿ ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ತೊಡೆಯ ಮೇಲೆ ನೋಟ್‌ಬುಕ್, ಭುಜಕ್ಕೂ ಕಿವಿಗೂ ನಡುವೆ ಫೋನ್, ಕೈಯಲ್ಲಿ ಬಿಡಿಸುವ ಸೊಪ್ಪು. ಯಾವ ಬೀದಿಗೆ ಮೊದಲು, ಯಾವ ಅಪಾರ್ಟ್‌ಮೆಂಟಿಗೆ ಕೊನೆಗೆ ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಆ ಮನೆಯಲ್ಲಿ ಅವರ ಮಾತು ನಡೆಯುತ್ತಿದ್ದದ್ದು ಆ ಒಂದು ವಿಷಯದಲ್ಲಿ ಮಾತ್ರ.

ಆಂಟಿಯ ಕಾನೂನು ಒಂದೇ: ದಿನದ ಮೊದಲ ಟ್ಯಾಂಕರ್ ಬಾಣಂತಿ ಇರುವ ಮನೆಗೆ. ಅಸೋಸಿಯೇಷನ್ ಅಧ್ಯಕ್ಷರಿರಲಿ, ಕಾರ್ಪೊರೇಟರ್ ಭಾವಮೈದ ಇರಲಿ, ಎಲ್ಲರೂ ಬಾಣಂತಿಯ ಹಿಂದೆ. ತಾಯಿಗೂ ಕೂಸಿಗೂ ಎರೆಯಲು ಹಂಡೆಗಟ್ಟಲೆ ನೀರು ಬೇಕು, ಅದಕ್ಕೆ ಕಾಯಿಸಬಾರದು ಎಂಬುದು ಅವರ ನಂಬಿಕೆ. ಸುಳ್ಳು ಹೇಳಿ ಗೆದ್ದವರಿಲ್ಲ. "ಕೂಸಿಗೆ ಎಷ್ಟು ದಿನ ಆಯ್ತು? ಎರೆಯೋರು ಯಾರು? ಯಾವ ಎಣ್ಣೆ ಹಚ್ತಿದೀರ? ಎಲ್ಲಿ, ಫೋನ್ ಸ್ವಲ್ಪ ತೊಟ್ಟಿಲ ಹತ್ರ ಹಿಡೀರಿ" ಎಂದು ಶುರುಮಾಡಿದರೆ ಎಂಥ ಅಧ್ಯಕ್ಷರಾದರೂ ಮೂರನೇ ಪ್ರಶ್ನೆಗೆ ಫೋನ್ ಇಡುತ್ತಿದ್ದರು.

ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟ ಆ ಬೇಸಿಗೆಯಲ್ಲಿ ಓನರ್ ಮೆಟ್ಟಿಲು ಹತ್ತಿ ಬಂದರು.

"ಬಿಟಿಎಂನಲ್ಲಿ ಇನ್ನೊಬ್ಬ ಟ್ಯಾಂಕರ್‌ನೋನು ಇದಾನಲ್ಲ, ಅವನಿಗೆ ಫೋನ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತ ಹುಡುಗಿ ಮಾತಾಡ್ತಾಳೆ ಕಣಮ್ಮ. ನಮ್ಮನೇಲಿ ಇವಳು 'ಯಾರೂ?' ಅಂತಾಳೆ. ಜನ ಏನಂದ್ಕೋಬೇಕು? ನೀನು ಅದೇ ಕೆಲ್ಸ ಮಾಡೋದಂತಲ್ಲ, ನಮಗೂ ಒಂದು ಹಾಕ್ಕೊಡು."

ಮುಂದಿನ ತಿಂಗಳು ಮನೆಯ ಅಗ್ರಿಮೆಂಟ್ ಮುಗಿಯುವುದಿತ್ತು. ಬೆಂಗಳೂರಿನಲ್ಲಿ ಓನರ್ ಕೇಳಿದ್ದಕ್ಕೆ ಇಲ್ಲ ಎನ್ನುವ ಬಾಡಿಗೆದಾರರು ಇನ್ನೂ ಹುಟ್ಟಿಲ್ಲ. ಆದರೆ ಎಲ್ಲ ತಪ್ಪನ್ನೂ ಅಗ್ರಿಮೆಂಟಿನ ತಲೆಗೆ ಕಟ್ಟಲಾರೆ. ನನ್ನ ವಿದ್ಯೆ ನಮ್ಮ ಬೀದಿಯಲ್ಲೇ ಮೊಳಗುತ್ತದೆ ಎಂಬ ಜಂಬವೂ ನನಗಿತ್ತು.

ಹುಡುಗಿಯ ಧ್ವನಿ ಬೇಡ, ಆಂಟಿಯದೇ ಇರಲಿ, ಗಿರಾಕಿಗಳಿಗೆ ಗುರುತು ಸಿಗುತ್ತದೆ ಎಂದು ಸಲಹೆ ಕೊಟ್ಟವಳೂ ನಾನೇ. ಆಂಟಿ ಮೊದಲು ಒಪ್ಪಲಿಲ್ಲ. ನಾನು ಪಕ್ಕದಲ್ಲಿ ಕೂತು ಒಲಿಸುತ್ತಿದ್ದಾಗಲೇ ಅರೆಕೆರೆಯಿಂದ ಒಬ್ಬ ಅಜ್ಜಿಯ ಫೋನ್ ಬಂತು. ಮೊಮ್ಮಗಳಿಗೆ ದಿನ ತುಂಬಿತ್ತು, ಮನೆಯ ಬೋರ್‌ವೆಲ್ ಬತ್ತಿತ್ತು. ಆಂಟಿಗೂ ಆ ಅಜ್ಜಿಗೂ ಎಷ್ಟೋ ವರ್ಷದ ಸ್ನೇಹ, ಎಲ್ಲವೂ ಫೋನಿನಲ್ಲೇ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

"ನೀರಿನ ಯೋಚ್ನೆ ನಂಗೆ ಬಿಡಿ ಅಜ್ಜಿ. ಕೂಸು ಮನೆಗೆ ಬಂದ ದಿನ ಒಂದ್ ಫೋನ್ ಮಾಡಿ ಸಾಕು. ಮಾತು ಕೊಟ್ಟಿದೀನಿ" ಎಂದರು ಆಂಟಿ.

ಫೋನ್ ಇಟ್ಟು ನನ್ನ ಕಡೆ ತಿರುಗಿ ಷರತ್ತು ಹಾಕಿದರು: "ಬಾಣಂತಿ ಮನೆಗೆ ಅಂತ ಒಂದು ನಂಬರ್ ಇಟ್ರೆ ಮಾತಾಡ್ತೀನಿ. ಇಲ್ದಿದ್ರೆ ಇಲ್ಲ."

ನಾಲ್ಕನೇ ನಂಬರ್ ಬಾಣಂತಿಯರಿಗೆ ಕೊಟ್ಟೆ. ಆಂಟಿಯ ಮಲಗುವ ಕೋಣೆಯ ಬಟ್ಟೆ ಬೀರು ತೆರೆದು, ಸದ್ದು ಅನುರಣಿಸದಂತೆ ಸೀರೆಗಳ ನಡುವೆ ಅವರನ್ನು ನಿಲ್ಲಿಸಿ ರೆಕಾರ್ಡ್ ಮಾಡಿದೆ. ಆಂಟಿ "ಒಂದು ಒತ್ರಿ" ಎಂದು ಹೇಳಿ, "ಒತ್ತಿದ್ರಾ?" ಎಂದು ಉತ್ತರಕ್ಕೆ ಕಾಯುತ್ತಿದ್ದರು. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂಬ ಸಾಲಿಗೆ ಬಂದಾಗ ನಾನು ಬರೆದುಕೊಟ್ಟ ಚೀಟಿ ಕೆಳಗಿಳಿಸಿದರು.

"ಅಷ್ಟು ಅಮೂಲ್ಯ ಆಗಿದ್ರೆ ನಾವೇ ಎತ್ತಬೇಕಲ್ವೇನಮ್ಮ?"

ಅಷ್ಟು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು, ಹೊಳೆದಿದ್ದರೆ ಸಂಬಳ ಬರುತ್ತಿರಲಿಲ್ಲ.

ಏರ್ಪಾಡು ಶುರುವಾಯಿತು. ಯಾರು ಏನು ಒತ್ತಿದರೂ ಅದು ಪಟ್ಟಿಯಾಗಿ ಓನರ್ ಮೊಬೈಲಿಗೆ ಹೋಗುತ್ತಿತ್ತು, ನಾಲ್ಕು ಒತ್ತಿದವರ ಹೆಸರು ಮೇಲೆ. "ಸಖತ್ತಾಗಿದೆ ಕಣಮ್ಮ" ಎಂದು ಓನರ್ ದಿನಕ್ಕೆ ಹತ್ತು ಸಲ ತಮ್ಮ ನಂಬರಿಗೆ ತಾವೇ ಫೋನ್ ಮಾಡಿ, ಹೆಂಡತಿ ನಮಸ್ಕಾರ ಹೇಳುವುದನ್ನು ಕೇಳುತ್ತಿದ್ದರು. ಎದುರಿಗೆ ಕೂತ ಹೆಂಡತಿಯಿಂದ ಆ ಭಾಗ್ಯ ಅವರಿಗೆ ಎಂದೂ ಸಿಕ್ಕಿರಲಿಲ್ಲ. ಆಂಟಿಗೆ ಮಾತ್ರ "ಇನ್ಮೇಲೆ ನೀನು ರೆಸ್ಟ್ ತಗೋ" ಎಂಬ ಆಜ್ಞೆಯಾಯಿತು. ಅವರು ಅದೇ ಕುರ್ಚಿಯಲ್ಲಿ ಬರಿಗೈಯಲ್ಲಿ ಕೂತು ಗೇಟು ನೋಡುತ್ತಿದ್ದರು.

ಜನಕ್ಕೆ ನಾಲ್ಕರ ಮಹಿಮೆ ಗೊತ್ತಾಗಲು ಎರಡು ದಿನವೂ ಬೇಕಾಗಲಿಲ್ಲ. ವಾಟ್ಸ್ಯಾಪ್ ಗುಂಪುಗಳಲ್ಲಿ ಗುಟ್ಟು ಹರಿದಾಡಿರಬೇಕು. ಬನಶಂಕರಿಯ ಕಾರು ತೊಳೆಯುವ ಅಂಗಡಿಯಲ್ಲಿ ಬಾಣಂತಿ, ಮಡಿವಾಳದ ಲಾಡ್ಜಿನಲ್ಲಿ ಬಾಣಂತಿ. ಬಿಟಿಎಂನ ಗಂಡಸರ ಪಿ.ಜಿ. ಹಾಸ್ಟೆಲ್ಲೊಂದರಲ್ಲಿ ಮೂರು ಮಹಡಿಗೂ ಬಾಣಂತಿಯರು. ನಿವೃತ್ತ ಅಧಿಕಾರಿಗಳೇ ತುಂಬಿದ್ದ ಒಂದು ಅಪಾರ್ಟ್‌ಮೆಂಟು ವಾರದಲ್ಲಿ ಎರಡು ಸಲ ಹೆತ್ತಿತು. ದಕ್ಷಿಣ ಬೆಂಗಳೂರಿನಲ್ಲಿ ಗಂಡು ಹೆಣ್ಣು ವಯಸ್ಸಿನ ಭೇದವಿಲ್ಲದೆ ಹೆರಿಗೆಯಾದ ವಾರ ಅದು. ಇವರೆಲ್ಲ ಸುಳ್ಳು ಹೇಳಲು ನಾಚುವ ಜನವೇ. ಆಂಟಿಯ ಕಿವಿಗೆ ಹೇಳಲು ನಾಲಿಗೆ ಬರುತ್ತಿರಲಿಲ್ಲ, ಬೆರಳಿಗೆ ಮಾತ್ರ ಯಾವ ನಾಚಿಕೆಯೂ ಇರಲಿಲ್ಲ.

"ಗಂಡಸರ ಪಿ.ಜಿ.ಗೆ ಯಾಕ್ರೀ ಮೊದಲ ಟ್ಯಾಂಕರು?" ಎಂದು ಆಂಟಿ ಕೂಗಾಡಿದರು.

"ಒತ್ತಿದಾರೆ, ಕಳ್ಸಿದೀನಿ. ಸಿಸ್ಟಮ್ಮು ಸುಳ್ಳು ಹೇಳುತ್ತಾ?" ಎಂದರು ಓನರ್.

ಆಂಟಿ ನನ್ನನ್ನು ಮಾತ್ರ ದಿನವೂ ತಡೆದು ಕೇಳುತ್ತಿದ್ದರು: "ಅರೆಕೆರೆ ಅಜ್ಜಿ ಫೋನ್ ಮಾಡಿದ್ರೇನಮ್ಮ?" ನಾನು ನನ್ನ ಫೋನಿಗೂ ಬರುತ್ತಿದ್ದ ಪಟ್ಟಿಯ ಮೇಲೆ ಕಣ್ಣಾಡಿಸಿ, "ಇಲ್ಲ ಆಂಟಿ, ಇನ್ನೂ ಹೆರಿಗೆ ಆಗಿಲ್ಲ ಅನ್ಸುತ್ತೆ" ಎಂದು ಆಫೀಸಿಗೆ ಹೊರಡುತ್ತಿದ್ದೆ.

ಭಾನುವಾರ ಅವರೇ ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನಿಂದ ವರ್ಷಕ್ಕೊಮ್ಮೆ ಹತ್ತಿದರೆ ಹೆಚ್ಚು. ಬಂದವರು ಕೂರಲೂ ಇಲ್ಲ.

"ಒಂದ್ ಹೇಳು. ಏನೂ ಒತ್ತದೇ ಇದ್ರೆ ಆ ಫೋನು ಎಲ್ಲಿಗೆ ಹೋಗುತ್ತೆ?"

ಎಷ್ಟೋ ಮ್ಯಾನೇಜರುಗಳಿಗೆ ನಾನು ಈ ಏರ್ಪಾಡು ವಿವರಿಸಿದ್ದೇನೆ. ಒಬ್ಬರೂ ಇದನ್ನು ಕೇಳಿರಲಿಲ್ಲ. ಏನೂ ಒತ್ತದ ಕರೆ ವಾಯ್ಸ್‌ಮೇಲಿಗೆ ಹೋಗುತ್ತದೆ. ನಮ್ಮ ಕಸುಬಿನಲ್ಲಿ ವಾಯ್ಸ್‌ಮೇಲ್ ಎಂದರೆ ಕಸದ ಬುಟ್ಟಿಗೆ ಇಟ್ಟ ಮರ್ಯಾದೆಯ ಹೆಸರು. ಅದರ ಪಾಸ್‌ವರ್ಡ್ ಓನರ್‌ಗೆ ಕೊಟ್ಟಿದ್ದೆ, ಅವರು ಒಂದು ದಿನವೂ ತೆಗೆದಿರಲಿಲ್ಲ. ತೆಗೆಯುವುದಿಲ್ಲ ಎಂದು ನನಗೂ ಗೊತ್ತಿತ್ತು.

ಲ್ಯಾಪ್‌ಟಾಪ್ ತೆರೆದೆ. ಬರೀ ಹಾರನ್ನು, ಕೆಮ್ಮು, ಬೈಗುಳ. ಅವುಗಳ ನಡುವೆ ಮೂರು ಸಲ, ಮೂರು ಬೇರೆ ಬೇರೆ ದಿನ, ಅದೇ ಅಜ್ಜಿ.

"ನಾನಮ್ಮ, ಅರೆಕೆರೆಯಿಂದ. ಹೆಣ್ಣು ಮಗು. ಇವತ್ತು ಮನೆಗೆ ಬಂದ್ರು. ಟ್ಯಾಂಕರ್ ಕಳ್ಸಿಬಿಡಿ. ನಾಲ್ಕು ಯಾಕಮ್ಮ ಒತ್ತಬೇಕು, ನಾನೇ ಹೇಳ್ತಿದೀನಲ್ಲ."

"ನಮಸ್ಕಾರ ಅಂತೀರ, ಆಮೇಲೆ ಸುಮ್ಮನಾಗ್ತೀರ. ನನ್ ಮಾತು ಕೇಳಿಸ್ತಿದೆಯಾ?"

ಮೂರನೆಯದರಲ್ಲಿ ಹಿಂದೆ ಮಗು ಅಳುತ್ತಿತ್ತು. "ನನ್ ಮೇಲೇನಾದ್ರೂ ಬೇಜಾರಾ ಅಮ್ಮ? ಬಾಯಿ ತಪ್ಪಿ ಏನಾದ್ರೂ ಅಂದಿದ್ರೆ ಮನ್ಸಲ್ಲಿ ಇಟ್ಕೋಬೇಡಿ. ಕುಡಿಯೋ ನೀರಿನ ಕ್ಯಾನ್ ತಂದು ಕೂಸಿಗೆ ಎರೀತಿದೀವಿ. ತಾಯಿಗೆ ಸಾಲ್ತಿಲ್ಲ."

ಆಂಟಿ ಮೆಟ್ಟಿಲಿಳಿದು ಹೋಗಿ, ಪಿ.ಜಿ.ಗೆ ಹೊರಟಿದ್ದ ಟ್ಯಾಂಕರನ್ನು ಗೇಟಿನಲ್ಲೇ ನಿಲ್ಲಿಸಿ, ಸೆರಗು ಬಿಗಿದು ಡ್ರೈವರ್ ಪಕ್ಕಕ್ಕೆ ಹತ್ತಿ ಕೂತರು. ನಾನು ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಹೋಗಲು ನಾಚಿಕೆ, ಹೋಗದಿರಲು ಇನ್ನೂ ನಾಚಿಕೆ.

ಬಾಗಿಲು ತೆರೆದ ಅಜ್ಜಿಗೆ ಯಾರೆಂದು ತಿಳಿಯಲಿಲ್ಲ. "ನಾನೇ ಅಜ್ಜಿ, ಟ್ಯಾಂಕರ್‌ನೋಳು" ಎಂದು ಆಂಟಿ ಬಾಯಿ ಬಿಟ್ಟ ಮೇಲೆ ಅಜ್ಜಿಯ ಮುಖ ಅರಳಿತು, ಮರುಕ್ಷಣವೇ ಸಣ್ಣದಾಯಿತು.

"ನೀವೇ ಫೋನ್ ಎತ್ತಿದ್ರಿ. ಮೂರು ದಿನವೂ ನೀವೇ. ಯಾಕಮ್ಮ ಮಾತಾಡ್ಲಿಲ್ಲ?"

ಆಂಟಿ ನನ್ನ ಕಡೆ ಕೈ ತೋರಿಸಿದರು. "ಇವಳನ್ನ ಕೇಳಿ."

ಇಡೀ ಬೆಂಗಳೂರಿಗೆ ನಯವಾದ ಉತ್ತರ ಬರೆದುಕೊಟ್ಟವಳು ನಾನು. ಆ ಹೊಸ್ತಿಲಿನಿಂದ ತಿರುಗಿ, ಡ್ರೈವರ್ ಕೈಯ ಪೈಪ್ ಇಸಿದುಕೊಂಡು ಸಂಪಿನ ತೊಟ್ಟಿಗೆ ಇಳಿಬಿಟ್ಟೆ. ಒಳಗೆ ಮಗು ಅಳುತ್ತಿತ್ತು, ಹೊರಗೆ ಪೈಪಿನಿಂದ ನೀರು ತೊಟ್ಟಿಗೆ ಬೀಳುತ್ತಿತ್ತು.

ಅಂದು ಸಂಜೆಯೇ ಆಂಟಿ ಫೋನ್ ಕಸಿದುಕೊಂಡರು. ಅವರ ಧ್ವನಿಯನ್ನು ನಾನೇ ಅಳಿಸಿಹಾಕಿದೆ. ಓನರ್ ಒಂದು ವಾರ ಮುಖ ಊದಿಸಿಕೊಂಡಿದ್ದು, ಆ ಸಿಟ್ಟನ್ನು ಹೆಂಡತಿಯ ಮೇಲೆ ತೋರಿಸುವ ಧೈರ್ಯ ಸಾಲದೆ ನನ್ನ ಮೇಲೆ ತೀರಿಸಿಕೊಂಡರು. ಮಗನ ಮದುವೆ ಇದೆ, ಮನೆ ಖಾಲಿ ಮಾಡಿ ಎಂದರು. ಅವರಿಗಿದ್ದದ್ದು ಇಬ್ಬರು ಹೆಣ್ಣುಮಕ್ಕಳು.

ಶ್ರೀನಗರಕ್ಕೆ ಮನೆ ಬದಲಾಯಿಸಿದೆವು. ಕೆಲಸ ಮಾತ್ರ ಬದಲಾಯಿಸಿಲ್ಲ, ಹೊಟ್ಟೆ ಕೇಳಬೇಕಲ್ಲ. ಮರು ಬೇಸಿಗೆಯಲ್ಲಿ ಅಲ್ಲಿನ ಬೋರ್‌ವೆಲ್ ಕೈಕೊಟ್ಟಿತು. ಎರಡು ದಿನ ಬೇರೆಲ್ಲ ಟ್ಯಾಂಕರಿನವರ ಒಂದು, ಎರಡು, ಮೂರು ಒತ್ತಿ ಒತ್ತಿ ಬೆರಳು ಸವೆದ ಮೇಲೆ, ಹಳೆಯ ನಂಬರಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು.

"ಯಾರೂ?"

"ನಾನು ಆಂಟಿ, ಮೇಲ್ಗಡೆ ಮನೇಲಿದ್ದೋಳು. ಒಂದ್ ಟ್ಯಾಂಕರ್ ಬೇಕಿತ್ತು."

ಅತ್ತ ನೋಟ್‌ಬುಕ್ಕಿನ ಹಾಳೆ ಮಗುಚಿತು.

"ಮನೇಲಿ ಬಾಣಂತಿ ಇದಾರಾ?"

"ಇಲ್ಲ ಆಂಟಿ."

"ಹಾಗಾದ್ರೆ ಕಾಯ್ಬೇಕು ಕಣಮ್ಮ. ಫೋನ್ ಇಡಬೇಡ."

ಕೊಳಲು ಕೇಳಿಸಲಿಲ್ಲ. ಸೊಪ್ಪು ಮುರಿಯುವ ಸದ್ದು ಕೇಳಿಸಿತು. ಇನ್ನೊಂದು ಫೋನಿನಲ್ಲಿ ಆಂಟಿ ಯಾರನ್ನೋ ಕೂಸಿಗೆ ಎಷ್ಟು ದಿನ ಆಯ್ತು ಎಂದು ಕೇಳುತ್ತಿದ್ದರು. ನಾನು ಕಾದೆ.