ಬಡಗಣ ಕೆರೆಗೆ ಒಂದು ಸುತ್ತು

ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಹರವಲು ಒಂದು ಗಳವಿದೆ. ಬಿದಿರಿನದಲ್ಲ, ಗಟ್ಟಿ ಬೋಗಿ ಮರದ್ದು. ಅದರ ಒಂದು ತುದಿ ನುಣ್ಣಗೆ ಸವೆದು, ಹಿಡಿದರೆ ಅಂಗೈಗೆ ಎಣ್ಣೆ ಸವರಿದ ಹಾಗಾಗುತ್ತದೆ; ಇನ್ನೊಂದು ತುದಿ ಒರಟಾಗಿಯೇ ಉಳಿದಿದೆ. ಮನೆಗೆ ಬಂದವರು ಇಷ್ಟು ಒಳ್ಳೆಯ ಮರವನ್ನು ಒದ್ದೆ ಬಟ್ಟೆಗೆ ಒಪ್ಪಿಸಿದ್ದೀರಲ್ಲ ಎಂದು ಮರದ ಮೇಲೆ ಕನಿಕರ ತೋರಿಸಿ ಹೋಗುತ್ತಾರೆ, ನಾನು ನಕ್ಕು ಸುಮ್ಮನಾಗುತ್ತೇನೆ. ನಿಮಗಾದರೆ ಹೇಳಬಹುದು, ನೀವು ಅವಸರದಲ್ಲಿಲ್ಲ ಎಂದುಕೊಂಡಿದ್ದೇನೆ.

ನಾನು ಹುಡುಗಿಯಾಗಿದ್ದ ಐವತ್ತರ ದಶಕದಲ್ಲಿ, ಪುತ್ತೂರಿಗೆ ಹೋಗಿ ಬಂದವರನ್ನು ಪರದೇಶದಿಂದ ಬಂದವರಂತೆ ಮಾತಾಡಿಸುತ್ತಿದ್ದ ಆ ಕಾಲದಲ್ಲಿ, ಕಾಣಿಯೂರಿನಿಂದ ಇನ್ನೂ ಒಳಗಿದ್ದ ನಮ್ಮ ಹಳ್ಳಿಗೆ ವಿಹಾರವೆಂದರೆ ಒಂದೇ, ಬಡಗಣ ಕೆರೆಗೆ ಸುತ್ತು ಬರುವುದು. ಊರಿನ ಬಡಗು ದಿಕ್ಕಿಗೆ ಇದ್ದುದರಿಂದ ಆ ಹೆಸರು. ಕೆರೆಯೆಂದ ಕೂಡಲೇ ಘಟ್ಟದ ಮೇಲಿನವರ ಸಮುದ್ರದಂಥ ಕೆರೆಯನ್ನು ನೆನೆಸಿಕೊಳ್ಳಬೇಡಿ. ಗುಡ್ಡದ ಬುಡದಲ್ಲಿ ಮಳೆನೀರು ನಿಂತು ತಾನಾಗಿಯೇ ಆದದ್ದು, ಕಾಲು ಗಟ್ಟಿಯಿದ್ದವನು ಬಾಯಿಗೆ ಹಾಕಿದ ವೀಳ್ಯ ಮುಗಿಯುವುದರೊಳಗೆ ಸುತ್ತಿ ಬರಬಹುದಾದಷ್ಟು. ಆದರೂ ರಜೆಯ ದಿನ ಅವಲಕ್ಕಿಯ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಟರೆ ನಮಗದು ದಿಗ್ವಿಜಯ. ಗದ್ದೆಗಳಿಗೆ ದನ ನುಗ್ಗದ ಹಾಗೆ ದಾರಿಯುದ್ದಕ್ಕೂ ತಡಮೆಗಳಿದ್ದವು. ಕಲ್ಲಿನ ಮೆಟ್ಟಿಲು ಹತ್ತಿ, ಬೇಲಿಯ ನೆತ್ತಿಯನ್ನು ಕಾಲೆತ್ತಿ ದಾಟಿ, ಆಚೆಗೆ ಇಳಿಯಬೇಕು. ಕೆರೆಯ ನೀರು ಹೊರಬೀಳುವ ತೋಡನ್ನು ದಾಟಲು ಒಂಟಿ ಅಡಿಕೆ ಮರದ ಸಂಕ. ಮಕ್ಕಳಾದ ನಮಗೆ ಹತ್ತುವುದೂ ದಾಟುವುದೂ ಓಲಾಡುವುದೂ ಹಬ್ಬವೇ ಆಗಿತ್ತು.

ಆ ಹಬ್ಬದಲ್ಲಿ ಪಾಲಿಲ್ಲದವಳು ದೇವಕಿ ಅತ್ತೆ, ನನ್ನ ಅಪ್ಪನ ಅಕ್ಕ. ಎಳವೆಯಲ್ಲಿ ಬಂದ ಜ್ವರವೊಂದು ಅವಳ ಬಲಗಾಲನ್ನು ಸೊರಗಿಸಿ ಹೋಗಿತ್ತು. ಊರುಗೋಲು ಹಿಡಿದು ಸಮನೆಲದಲ್ಲಿ ಸಾವಕಾಶವಾಗಿ ನಡೆಯುತ್ತಿದ್ದಳು; ಕಾಲೆತ್ತಿ ದಾಟುವುದು ಮಾತ್ರ ಆಗದು. ಹಾಗೆಂದು ಅವಳನ್ನು ಮನೆಯಲ್ಲಿ ಬಿಟ್ಟು ಹೋಗುವವರಲ್ಲ ನಮ್ಮವರು. ಕುರ್ಚಿಗೆ ಬಿದಿರು ಕಟ್ಟಿ, ಅಪ್ಪನೂ ಚಿಕ್ಕಪ್ಪನೂ ಹೊತ್ತುಕೊಂಡು ಹೋಗಿ, ಮೊದಲ ತಡಮೆಯ ಈಚೆ ಹಲಸಿನ ಮರದ ನೆರಳಲ್ಲಿ ಇಳಿಸಿ, "ಬುತ್ತಿ ನೋಡಿಕೊ ಅಕ್ಕ, ಈಗ ಬಂದೆವು" ಎಂದು ಹೋಗುತ್ತಿದ್ದರು. ನಮ್ಮ ಪ್ರೀತಿಗೆ ಕೊರತೆಯಿರಲಿಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳಿಯೇನು. ಆದರೆ ಹೊತ್ತು ತಂದು ಕೂರಿಸುವ ಪ್ರೀತಿಗೆ, ಕೂತವಳ ಕಣ್ಣಿಗೆ ಏನು ಕಾಣುತ್ತದೆ ಎಂಬುದು ಹೊಳೆಯುವುದಿಲ್ಲ. ಅವಳಿಗೆ ಕಾಣುತ್ತಿದ್ದದ್ದು ನಮ್ಮ ಬೆನ್ನು, ಕೆರೆಯ ಒಂದು ಚೂರು, ಮತ್ತೆ ಬುತ್ತಿಗೆ ಹೊಂಚುವ ಕಾಗೆ.

ಅಪ್ಪ ಹುಡುಗನಾಗಿದ್ದಾಗ ಹೀಗೆ ಒಮ್ಮೆ ಸುತ್ತಿ ಬಂದವನನ್ನು ಅವಳು, "ಆಚೆ ಕಡೆ ಎಂತ ಉಂಟು?" ಎಂದು ಕೇಳಿದ್ದಳಂತೆ. ಆಚೆ ಇದ್ದದ್ದು ಹುಲ್ಲು ಮತ್ತು ಕೇದಗೆಯ ಪೊದೆ. ಅಷ್ಟೇ ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ಒಂದು ಕಲ್ಲಿನ ಆನೆ ಉಂಟಕ್ಕ, ನೀರಿಗೆ ಸೊಂಡಿಲು ಇಳಿಸಿ ನಿಂತಿದೆ" ಎಂದುಬಿಟ್ಟ. ಕನಿಕರಕ್ಕೆ ಹುಟ್ಟಿದ ಆ ಆನೆ ವರ್ಷವರ್ಷವೂ ಬೆಳೆಯಿತು. ಮಳೆಗಾಲದಲ್ಲಿ ಬೆನ್ನು ಮಾತ್ರ ಕಾಣುತ್ತದೆ, ಬೇಸಗೆಯಲ್ಲಿ ಮೊಣಕಾಲಿನ ತನಕ ಎಂದಾಯಿತು. ಒಂದು ವರ್ಷ ಅದರ ಕಿವಿಯ ಸಂದಿನಲ್ಲಿ ಹಕ್ಕಿ ಗೂಡು ಕಟ್ಟಿತು. ಮನೆಗೆ ಬಂದ ಸೊಸೆಯರಿಗೂ ಮಾತು ಕಲಿತ ಮಕ್ಕಳಿಗೂ ಆನೆಯ ವಿಷಯವನ್ನು ಮೊದಲೇ ಹೇಳಿಕೊಡುತ್ತಿದ್ದರು. ನಾವೆಲ್ಲ ಸೇರಿ ಸಾಕಿದ ಆನೆ ಅದು, ಅತ್ತೆಯೊಬ್ಬಳು ಅದನ್ನು ನಂಬಿದ್ದಳು.

ನನ್ನ ಪುಟ್ಟ ತಂಗಿ ಅಲ್ಲಿಯವರೆಗೆ ಅತ್ತೆಯ ಜತೆಗೆ ಹಲಸಿನ ಬುಡದಲ್ಲೇ ಉಳಿಯುತ್ತಿದ್ದಳು. ಒಂದು ವರ್ಷ ಅವಳೂ ತಾನೇ ತಡಮೆ ಹತ್ತಿ ಆಚೆಗೆ ಜಿಗಿದಳು. ನಾವು ಚಪ್ಪಾಳೆ ತಟ್ಟಿದೆವು, ಅತ್ತೆಯೂ ತಟ್ಟಿದಳು. ಆ ಸಂಜೆ ಚಾವಡಿಯಲ್ಲಿ ಕೂತು ಅಪ್ಪನನ್ನು ಕರೆದು, "ಇನ್ನು ನನ್ನನ್ನು ಹೊತ್ತುಕೊಂಡು ಹೋಗುದು ಬೇಡ. ಒಂದು ಸಲ ನನ್ನ ಕಾಲಿನಲ್ಲೇ ಸುತ್ತು ಬರ್ಬೇಕು ನನಗೆ. ಕಾಲು ಸರಿಯಾಗುದಿಲ್ಲ ಅಂತ ಪುತ್ತೂರಿನ ಡಾಕ್ಟ್ರು ಹೇಳಿ ಆಗಿದೆ. ದಾರಿ ಸರಿಯಾಗುದಿಲ್ಲ ಅಂತ ಯಾರು ಹೇಳಿದ್ದು?" ಎಂದಳು.

ಅಪ್ಪ ಬೇಡವೆಂದ. ಜಾರಿ ಬಿದ್ದು ಇದ್ದ ಕಾಲೂ ಹೋದರೆ ಎಂದು ಹೆದರಿಸಿದ. ಆ ಹೆದರಿಕೆ ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದು ನಿಂತಿತ್ತು, ಆನೆಯಷ್ಟು ದೊಡ್ಡದು. ಇಷ್ಟು ವರ್ಷ ನಂಬಿದ ಅಕ್ಕ ಆಚೆ ದಡಕ್ಕೆ ಹೋಗಿ ಬರೀ ಹುಲ್ಲು ಕಂಡರೆ ತನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳುವುದು? ಕೊನೆಗೆ ಅಮ್ಮ ಅಡುಗೆಮನೆಯಲ್ಲಿ, "ನಿಮ್ಮ ಆನೆ ಉಳಿಲಿಕ್ಕೆ ಅತ್ತಿಗೆ ಮರದಡಿಯಲ್ಲೇ ಕೂರ್ಬೇಕಾ?" ಎಂದು ಮೆಲ್ಲಗೆ ಕೇಳಿದಳು. ಮರುದಿನ ಅಪ್ಪ ಹಾರೆ ಪಿಕ್ಕಾಸು ಹೊರಗೆ ತೆಗೆದ.

ದಾರಿಯ ಗದ್ದೆಗಳು ನೆರೆಯ ಕೃಷ್ಣಪ್ಪ ಗೌಡರವು. ತಡಮೆ ತೆಗೆದು, ಅಲ್ಲಿ ಎರಡು ಕಂಬ ನೆಟ್ಟು ತೂತು ಕೊರೆದು, ಅಡ್ಡಗಳಗಳನ್ನು ಸರಿಸುವ ಬಾಗಿಲು ಮಾಡೋಣವೆಂದು ಅಪ್ಪ ಅವರನ್ನು ಮನೆಗೆ ಕರೆದು ಕೇಳಿದ. "ಸರಿಸಿ ಹೋದವರು ವಾಪಸು ಹಾಕುದುಂಟಾ ಮಾರಾಯ್ರೆ? ದನ ಎಲ್ಲ ನನ್ನ ಗದ್ದೆಯಲ್ಲಿ ಇರ್ತದೆ" ಎಂದರು ಗೌಡರು. ನ್ಯಾಯವಾದ ಮಾತೇ. ಒಳಗಿದ್ದ ಅತ್ತೆ ಊರುಗೋಲು ಊರುತ್ತ ಹೊರಗೆ ಬಂದಳು. "ಇಷ್ಟು ವರ್ಷ ಇವರ ಬುತ್ತಿ ಕಾದಿದ್ದೇನೆ ಗೌಡ್ರೆ, ಕಾಗೆಗೆ ಒಂದು ಕಾಳು ಸಿಕ್ಕಿಲ್ಲ. ಗಳ ಹಾಕದೆ ಹೋದವರನ್ನು ನನಗೆ ಬಿಡಿ, ನಾನು ನೋಡಿಕೊಳ್ತೇನೆ." ಅತ್ತೆಯ ಬಾಯಿಯ ಪರಿಚಯ ಗೌಡರಿಗೆ ಚೆನ್ನಾಗಿತ್ತು. ಒಪ್ಪಿದ್ದಷ್ಟೇ ಅಲ್ಲ, ಗಳಕ್ಕೆ ಬೋಗಿ ಮರವನ್ನೂ ಅವರೇ ಕೊಟ್ಟರು.

ಸಂಕಕ್ಕೆ ಇನ್ನಷ್ಟು ಮರ ಜೋಡಿಸಿ ಬದಿಗೆ ಬಿದಿರು ಕಟ್ಟಿದ್ದಾಯಿತು, ಗುಡ್ಡದ ಕಡಿದಾದ ಬದಿಯನ್ನು ಕೊರೆದು ಓರೆಯಾಗಿ ಇಳಿಸಿದ್ದಾಯಿತು, ದಣಿದವರು ಕೂರಲು ಅಲ್ಲಲ್ಲಿ ಚಪ್ಪಟೆ ಕಲ್ಲು ಇಟ್ಟದ್ದಾಯಿತು. ವಿಚಿತ್ರವೆಂದರೆ, ಅತ್ತೆ ಕಾಲಿಡುವ ಮೊದಲೇ ಆ ದಾರಿಯಲ್ಲಿ ಊರೇ ನಡೆಯತೊಡಗಿತು. ಸೊಪ್ಪಿನ ಹೊರೆ ಹೊತ್ತ ಹೆಂಗಸರು ಬಂದರು, ತುಂಬು ಬಸುರಿಯರು ಬಂದರು, ಕಣ್ಣು ಮಂಜಾಗಿ ಜಗಲಿ ಹಿಡಿದಿದ್ದ ಗೌಡರ ತಾಯಿಯೂ ಬಿದಿರು ತಡವುತ್ತ ಬಂದರು. ಇವರೆಲ್ಲ ಇಷ್ಟು ದಿನ ಎಲ್ಲಿದ್ದರು? ತಡಮೆಯ ಎತ್ತರವನ್ನು ನಿಶ್ಚಯಿಸಿದ್ದು ದನ. ದನಕ್ಕೆ ದಾಟಲು ಆಗಬಾರದೆಂದು ಕಟ್ಟಿದ್ದು ಎಷ್ಟು ಮನುಷ್ಯರಿಗೆ ಆಗುತ್ತಿಲ್ಲವೆಂದು ಯಾರೂ ಕೇಳಿರಲಿಲ್ಲ, ಆಗದವರು ಹೇಳಿಯೂ ಇರಲಿಲ್ಲ. ನಮ್ಮ ಅತ್ತೆ ಹೇಳಿದಳು, ಅಷ್ಟೇ. ನಾವು ಮನುಷ್ಯರು ಕೆಟ್ಟವರಲ್ಲ ಎಂದು ನನಗೆ ಅನಿಸಿದ್ದು ಆ ದಾರಿಯನ್ನು ನೋಡಿಯೇ. ಯಾರಾದರೂ ಒಮ್ಮೆ ಬಾಯಿಬಿಟ್ಟು ಕೇಳಬೇಕು, ಮತ್ತೆ ಹಾರೆ ಹಿಡಿಯುವವರಿಗೆ ಬರವಿಲ್ಲ.

ಮಳೆ ಬಿಟ್ಟು ಕೆಸರು ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಹೊರಟೆವು. ಬುತ್ತಿಯನ್ನು ಈ ಸಲ ನಾನು ಹೊತ್ತಿದ್ದೆ. ಮೊದಲ ಬಾಗಿಲಿನ ಗಳವನ್ನು ಅತ್ತೆ ತಾನೇ ಎಳೆದಳು, ದಾಟಿದಳು, ತಿರುಗಿ ನಿಂತು ತಾನೇ ಹಾಕಿದಳು. ಸಂಕದ ನಡುವೆ ಅವಳ ಕಾಲು ನಡುಗಿದಾಗ ಅಪ್ಪ ಕೈಚಾಚಿದ. "ಕೈ ತೆಗಿ" ಎಂದಳು. ತೋಡಿನ ನೀರು ಕೆಳಗೆ ಸದ್ದು ಮಾಡುತ್ತಿತ್ತು. ಬಿದಿರು ಹಿಡಿದು ಸ್ವಲ್ಪ ನಿಂತು, ಆಮೇಲೆ ದಾಟಿದಳು. ಒಂದು ವೀಳ್ಯದ ದಾರಿಗೆ ನಮಗೆ ಬೆಳಗೆಲ್ಲ ಬೇಕಾಯಿತು. ಬಿಸಿಲೇರುವ ಹೊತ್ತಿಗೆ ಆಚೆ ದಡ ಬಂತು.

ಅತ್ತೆ ಚಪ್ಪಟೆ ಕಲ್ಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ನಿಧಾನವಾಗಿ ಸುತ್ತ ನೋಡಿದಳು. ಹುಲ್ಲು, ಕೇದಗೆ, ನೀರು; ನೀರಿನಾಚೆ ಸಣ್ಣದಾಗಿ ನಮ್ಮ ಹಲಸಿನ ಮರ, ಅದರ ಬುಡದಲ್ಲಿ ಯಾರೂ ಇಲ್ಲ. ಅಪ್ಪ ಕೇದಗೆಯ ಪೊದೆಯನ್ನು ಜನ್ಮದಲ್ಲಿ ಕಾಣದವನಂತೆ ನೋಡುತ್ತಿದ್ದ. ಅತ್ತೆ ಅವನ ಕಡೆಗೆ ತಿರುಗಿದಳು.

"ಆನೆ ಮೇಯ್ಲಿಕ್ಕೆ ಹೋಗಿರ್ಬೇಕು ಮಾರಾಯ. ಎಷ್ಟು ವರ್ಷ ಅಂತ ಒಂದೇ ಕಡೆ ಇರುದು? ಅದಕ್ಕೂ ಬೇಜಾರಾಗುದಿಲ್ವಾ?"

ಅಪ್ಪ ನಕ್ಕ, ನಗುತ್ತಲೇ ಅತ್ತುಬಿಟ್ಟ. ಅಷ್ಟು ಸಂತೋಷವನ್ನು ನಾನು ಆಮೇಲೆ ಬಹಳ ಕಡೆ ಹುಡುಕಿದ್ದೇನೆ, ಸಿಕ್ಕಿದ್ದು ಕಡಿಮೆ.

ಅಲ್ಲಿಂದ ಮುಂದೆ ರಜೆಯ ದಿನ ಅತ್ತೆ ಮೊದಲು ತಾನೊಂದು ಸುತ್ತು ಮುಗಿಸಿ, ಆಮೇಲೆ ಗಳದ ಬಾಗಿಲಿನ ಹತ್ತಿರ ಬಂದು ಕೂರುತ್ತಿದ್ದಳು. ಹೊಸ ಮಕ್ಕಳು ಬಂದರೆ ಆಚೆ ದಡದ ಆನೆಯ ಸುದ್ದಿ ಹೇಳಿ ಅಟ್ಟುತ್ತಿದ್ದಳು. ಕಾಣಲಿಲ್ಲವೆಂದು ದೂರು ತಂದವರಿಗೆ ಇನ್ನೊಂದು ದಿನ ಬರಲು ಹೇಳುತ್ತಿದ್ದಳು. ಗೌಡರ ಗದ್ದೆಗೆ ಒಂದು ದನವೂ ನುಗ್ಗಲಿಲ್ಲ. ಅರವತ್ತರ ದಶಕದ ಕೊನೆಗೆ ಅತ್ತೆ ತೀರಿಕೊಂಡಳು. ದಾರಿ ಜೀಪು ಹೋಗುವಷ್ಟು ಅಗಲವಾಯಿತು, ಬಾಗಿಲು ಬೇಡವಾಯಿತು, ಮೊದಲ ಬಾಗಿಲಿನ ಗಳವನ್ನು ಅಪ್ಪ ನನಗೆ ತಂದುಕೊಟ್ಟ.

ಅದರ ನುಣುಪು ತುದಿ ಊರಿನವರ ಕೈ ತಾಗಿ ಆದದ್ದು, ಅದರಲ್ಲಿ ಅವಳ ಕೈಯೂ ಉಂಟು. ಬಟ್ಟೆ ಹರವುವಾಗ ನಾನು ಆ ತುದಿಯಿಂದಲೇ ಶುರುಮಾಡುತ್ತೇನೆ. ಇನ್ನು ಮುಂದೆ ಯಾರಾದರೂ ಆ ಮರದ ಮೇಲೆ ಕನಿಕರ ತೋರಿಸಿದರೆ ಸುಮ್ಮನೆ ನಗುವುದಿಲ್ಲ, ಬಡಗು ದಿಕ್ಕಿಗೆ ಕೈತೋರಿಸಿ ಹೇಳುತ್ತೇನೆ: ಇದನ್ನು ಎಳೆದು ಹೋದರೆ ಆಚೆ ಕಡೆ ಒಂದು ಆನೆ ಉಂಟು, ನಿಧಾನವಾಗಿ ನಡೆದು ಹೋಗಿ ನೋಡಿ ಬನ್ನಿ, ಗಳ ಹಾಕಲು ಮಾತ್ರ ಮರೆಯಬೇಡಿ.