ಶೇಖರಮ್ಮ ಮತ್ತೆ ಕೇಳಿದ ಗಾಂಧಾರ

ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಶೇಖರಮ್ಮನಿಗೆ ಈಗ ಅರವತ್ತಾರು. ಅಂಗಡಿ ಅವಳ ಅಪ್ಪ ಸೂಗಪ್ಪನದು. ಮದುವೆಯಾದ ಆರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳನ್ನು ಅಪ್ಪ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ತನ್ನ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿದ, ಅಷ್ಟೆ.

ಸೂಗಪ್ಪ ಶ್ರುತಿ ಮಾಡುತ್ತಿದ್ದದ್ದು ನಸುಕಿನಲ್ಲಿ, ಬಸ್ಸುಗಳು ಶುರುವಾಗುವ ಮುಂಚೆ. ಮಗಳು ತಂಬೂರಿ ಮೀಟುತ್ತ ಕೂರಬೇಕು. ಅವನು ಹಾರ್ಮೋನಿಯಂನೊಳಗೆ ಸ್ವರ ಹೊರಡಿಸುವ ಹಿತ್ತಾಳೆಯ ರೀಡನ್ನು ತುಟಿಗಿಟ್ಟು ಊದಿ, ಕೂದಲೆಳೆಯಷ್ಟು ಕೆರೆದು, ಮತ್ತೆ ಊದುತ್ತಿದ್ದ. ಉಳಿದ ಸ್ವರಗಳು ಬೇಗ ಮುಗಿಯುತ್ತಿದ್ದವು. ಗಾಂಧಾರಕ್ಕೆ ಬಂದರೆ ಚಹಾ ಆರಿಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದು ತಂಬೂರಿಯ ನಾದದೊಳಗೆ ಕರಗಿ, ಎರಡೂ ಒಂದೇ ಎನ್ನಿಸಿದಾಗ ಮಾತ್ರ ಕೆಳಗಿಡುತ್ತಿದ್ದ. ಆ ಸದ್ದು ಶೇಖರಮ್ಮನಿಗೆ ಬೆಳಗಿನ ಸದ್ದೇ ಆಗಿಬಿಟ್ಟಿತ್ತು.

ಅಪ್ಪ ಹೋದ ಮೇಲೆ ಕಾಲ ಬದಲಾಯಿತು. ಭಜನಾ ಮಂಡಳಿಗಳಿಗೂ ವಿದ್ಯುತ್ ಕೀಬೋರ್ಡ್ ಬಂದವು. ನಿಮ್ಮ ಹಾರ್ಮೋನಿಯಂ ಪೇಟಿ ಕೀಬೋರ್ಡಿಗೆ ಕೂಡುವುದಿಲ್ಲ ಎಂದು ಗಿರಾಕಿಗಳು ತಕರಾರು ತೆಗೆದರು. ಅವಳು ಶ್ರುತಿ ತೋರಿಸುವ ಯಂತ್ರ ಕೊಂಡು, ಅದರ ಮುಳ್ಳು ಹೇಳಿದಂತೆ ರೀಡು ಕೆರೆಯತೊಡಗಿದಳು. ಕೊನೆಗೆ ಸಾಲಗುಂದದ ಶಾಲೆಯವರು ಅಪ್ಪನ ಸ್ವಂತ ಪೇಟಿಯನ್ನು ಕೇಳಿದಾಗ, ಅದನ್ನೂ ಯಂತ್ರಕ್ಕೆ ಹೊಂದಿಸಿ ಕೊಟ್ಟಳು. ಅದರ ಗಾಂಧಾರ ಈಗ ತಂಬೂರಿಯೊಳಗೆ ಕರಗುತ್ತಿರಲಿಲ್ಲ. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಹೋದ ವರ್ಷ ಮಾಘದಲ್ಲಿ ಟೆಂಪೋ ಓಡಿಸುವ ಬುಡ್ಡೇಸಾಬ್ ಅಂಗಡಿಗೆ ಬಂದು, ಕಾಲೇಜಿನ ಸಭಾಂಗಣದಲ್ಲಿ ಒಂದು ವಾದ್ಯ ಕೆಟ್ಟು ಕುಳಿತಿದೆ, ಬಂದು ನೋಡಬೇಕೆಂದ. ಸಿಂಧನೂರಿನ ರೈಸ್‌ಮಿಲ್ಲಿನವರ ಮಗಳು ಮಮತಾ ಪುಣೆಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಸುತ್ತಿದ್ದಳು. ಇಬ್ಬರು ಕೊಳಲಿನವರನ್ನು ಕರೆದುಕೊಂಡು, ಮುನ್ನೂರು ವರ್ಷ ಹಿಂದಿನ ಯುರೋಪಿನ ಸಂಗೀತವನ್ನು ತನ್ನ ಸೀಮೆಯವರಿಗೆ ಕೇಳಿಸಲು ಬಂದಿದ್ದಳು. ಸಿಂಧನೂರಿನಲ್ಲಿ ಚೆನ್ನಾಗಿಯೇ ಆಯಿತು. ಮಸ್ಕಿ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಟೆಂಪೋ ಕುಲುಕಿದ ರಭಸಕ್ಕೆ ಅವಳ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಬಗೆಯ ತಂತಿವಾದ್ಯದ ಒಳಗೆ ಏನೇನೋ ಮುರಿದಿತ್ತು. ಸಂಜೆ ಆರಕ್ಕೆ ಲಿಂಗಸುಗೂರಿನಲ್ಲಿ ಸಂಗೀತ ಕಛೇರಿ.

ಶೇಖರಮ್ಮ ಅಂಥದ್ದನ್ನು ಕಂಡಿರಲಿಲ್ಲ. ಬೆರಳಿನಿಂದ ಒತ್ತುವ ಮನೆಗಳೇನೋ ಹಾರ್ಮೋನಿಯಂನವೇ, ಆದರೆ ಗಾಳಿ ಹಾಕುವ ತಿದಿ ಇಲ್ಲ. ಒಂದು ಮನೆ ಒತ್ತಿದರೆ ಒಳಗಿನ ಕಡ್ಡಿ ಮೇಲೆದ್ದು, ಅದರ ಪಕ್ಕದ ಪುಟ್ಟ ಕೊಕ್ಕೆ ತಂತಿಯನ್ನು ಮೀಟುತ್ತದೆ. ಆ ಕೊಕ್ಕೆಗಳೇ ಐದು ಮುರಿದಿದ್ದವು. ಅವಳು ಒಂದೆರಡು ಮನೆ ಒತ್ತಿ ನೋಡಿ ಹುಬ್ಬುಗಂಟಿಕ್ಕಿದಳು.

"ತಂಗಿ, ಬಿಳಿ ಆರನೇ ಮನಿ ಒತ್ತಿದ್ರ ಕಪ್ಪು ನಾಲ್ಕರ ಸ್ವರ ನುಡ್ಯಾಕತ್ತೈತಿ. ಪೂರಾ ಶ್ರುತಿನೇ ಇಳಿದೈತಿ."

ಮಮತಾ ಬೆರಗಾಗಿ ಅವಳನ್ನು ನೋಡಿದಳು. "ಯಂತ್ರ ಇಲ್ಲದನ ಹೆಂಗ ತಿಳೀತ್ರೀ ಅಮ್ಮಾ? ಅದು ತಪ್ಪಲ್ಲ. ಆ ಕಾಲದಾಗ ಶ್ರುತಿ ಕೆಳಗ ಇರ್ತಿತ್ತು. ಕೊಳಲೂ ಅದಕ್ಕನ ಮಾಡ್ಯಾರ."

ಮಮತಾ ತಂದಿದ್ದ ಬದಲಿ ಕೊಕ್ಕೆಗಳು ಮುಗಿದಿದ್ದವು. ಹಿಂದಿನವರು ಇವನ್ನು ಕಾಗೆ ಗರಿಯ ದಿಂಡಿನಿಂದ ಕೊಯ್ಯುತ್ತಿದ್ದರಂತೆ ಎಂದಳು ಮಮತಾ. ಶೇಖರಮ್ಮ ಹೊರಗೆ ಬೇವಿನ ಮರದಡಿ ಹುಡುಕಿ ಏಳೆಂಟು ಗರಿ ಆಯ್ದು ತಂದಳು. ರೀಡು ಕೆರೆಯುವ ಚಾಕುವಿನಿಂದ ಕೊಯ್ದ ಮೊದಲನೆಯದು ಸೀಳಿತು. ಎರಡನೆಯದಕ್ಕೆ ದನಿಯೇ ಇಲ್ಲ. ಮೂರನೆಯದರ ತುದಿಯನ್ನು ಇನ್ನಷ್ಟು ತೆಳು ಮಾಡಿದಾಗ ತಂತಿ ಟಣ್ಣೆಂದಿತು. ನಾಲ್ಕು ಗಂಟೆಗೆ ಐದೂ ಸಿದ್ಧವಾದವು.

ಆಮೇಲೆ ಮಮತಾ ಕಿವಿಯಲ್ಲೇ ಶ್ರುತಿ ಮಾಡಲು ಕುಳಿತಳು. ಷಡ್ಜದ ಜೊತೆ ಗಾಂಧಾರ ಹಿಡಿದು ತಂತಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದಳು. ನಡುಗುತ್ತಿದ್ದ ದನಿ ನಿಧಾನವಾಗಿ ನಿಂತಿತು. ಚಾಕು ಒರೆಸುತ್ತಿದ್ದ ಶೇಖರಮ್ಮನ ಕೈಯೂ ನಿಂತಿತು.

"ಇದು ನಮ್ಮಪ್ಪನ ಗಾಂಧಾರ ಐತಿ," ಎಂದಳು. ಚಾಕು ಕೆಳಗಿಟ್ಟು, "ನಾನ ಅದನ್ನ ಕೆರೆದು ಹಾಳು ಮಾಡೀನಿ, ಯವ್ವಾ," ಎಂದಳು.

ಮಮತಾ ಕೆಲಸ ಬಿಟ್ಟು ಅವಳ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಎಲ್ಲ ಶ್ರುತಿಯಲ್ಲೂ ನುಡಿಸಲು ಬರಲೆಂದು ಯಂತ್ರ ಸ್ವರಗಳನ್ನು ಒಂದೊಂದು ಚೂರು ಜರುಗಿಸುತ್ತದೆ, ಶೇಖರಮ್ಮನ ಕಿವಿ ಸುಳ್ಳು ಹೇಳಿರಲಿಲ್ಲ ಎಂದು ಬಿಡಿಸಿ ಹೇಳಿದಳು. ಅಪ್ಪನ ಪೇಟಿಯೂ ಒಂದೆರಡು ಶ್ರುತಿಗಷ್ಟೇ ಚೆಂದ, ಬೇರೆ ಕಡೆ ಒಗರೊಗರು ಎಂಬುದನ್ನು ಶೇಖರಮ್ಮ ಆಗ ನೆನೆದು ನಕ್ಕಳು.

ಕಛೇರಿಗೆ ಅರವತ್ತು ಜನ ಸೇರಿದ್ದರು. ಮರದ ಕೊಳಲುಗಳ ದನಿ ಮೆತ್ತಗಿತ್ತು. ಫ್ಯಾನ್ ಆರಿಸಿದರು, ಹಿಂದಿನ ಸಾಲಿನವರು ಕುರ್ಚಿ ಎತ್ತಿಕೊಂಡು ಮುಂದೆ ಬಂದರು. ನಿಧಾನ ಗತಿಯ ಒಂದು ಭಾಗದಲ್ಲಿ ಒಂದು ಕೊಳಲು ನಿಲ್ಲಿಸಿದಲ್ಲಿಂದ ಇನ್ನೊಂದು ಎತ್ತಿಕೊಳ್ಳುತ್ತಿತ್ತು, ಕೆಳಗೆ ತಂತಿಗಳು ಸಣ್ಣಗೆ ಉದುರುತ್ತಿದ್ದವು. ಶೇಖರಮ್ಮನಿಗೆ ಯುರೋಪು ಕಾಣಲಿಲ್ಲ. ಕಂದೀಲಿನ ಬೆಳಕು, ಅಪ್ಪನ ಅಂಗಿಯ ಹೊಗೆಸೊಪ್ಪಿನ ವಾಸನೆ, ಇನ್ನೂ ಏಳದ ಓಣಿ ಮನಸ್ಸಿಗೆ ಬಂದವು. ವಿಧವೆಯಾಗಿ ಬಂದ ಮೊದಲ ಚಳಿಗಾಲ, ಅಪ್ಪ ಒಂದು ಮಾತೂ ಆಡದೆ ದಿನಾ ಕೈಗೆ ತಂಬೂರಿ ಕೊಡುತ್ತಿದ್ದದ್ದು ನೆನಪಾಯಿತು. ಅದೇ ಅವನ ಸಮಾಧಾನದ ಮಾತಾಗಿತ್ತು ಎಂದು ಅವಳಿಗೆ ಆ ಸಂಜೆ ಹೊಳೆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಚಪ್ಪಾಳೆ ಮುಗಿಯುವವರೆಗೂ ಹಾಗೇ ಕುಳಿತಿದ್ದಳು.

ಮರುತಿಂಗಳು ವಳಕಮದಿನ್ನಿಯ ಹೆಂಗಸರ ಭಜನಾ ಮಂಡಳಿಯ ಕರೆಮ್ಮ ಪೇಟಿ ರಿಪೇರಿಗೆ ತಂದಳು. ನಿಮ್ಮಲ್ಲಿ ಕೀಬೋರ್ಡ್ ಇದೆಯೇ ಎಂದು ಶೇಖರಮ್ಮ ವಿಚಾರಿಸಿದಳು. ತಾಳ, ದಮ್ಮಡಿಯ ಬಡಿತ ಬಿಟ್ಟರೆ ಬೇರೇನಿಲ್ಲ, ಹಾಡುವುದೂ ಒಂದೇ ಶ್ರುತಿಯಲ್ಲಿ ಎಂದು ಕರೆಮ್ಮ ಹೇಳಿದಳು. ಹಾಗಾದರೆ ಬೇರೆ ಥರ ಶ್ರುತಿ ಮಾಡುತ್ತೇನೆ, ಸೇರದಿದ್ದರೆ ತಿರುಗಿ ಸರಿಮಾಡಿ ಕೊಡುತ್ತೇನೆ ಎಂದು ಶೇಖರಮ್ಮ ಒಪ್ಪಿಸಿ, ಮೂರು ದಿನ ಯಂತ್ರ ಮುಟ್ಟದೆ, ತಂಬೂರಿಗೇ ಕಿವಿಗೊಟ್ಟು ಕೆಲಸ ಮಾಡಿದಳು.

ಕರೆಮ್ಮ ಪೇಟಿ ಒಯ್ಯಲು ಬಂದಾಗ, ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದು ತತ್ವಪದ ಎತ್ತಿದಳು. ನಡುವೆ ನಿಲ್ಲಿಸಿ ಪೇಟಿಯನ್ನೇ ನೋಡಿ, ಮತ್ತೆ ಮೊದಲಿಂದ, ಈ ಸಲ ಮೆಲ್ಲಗೆ ಹಾಡಿದಳು.

"ಅಕ್ಕಾ, ದಿನಾ ಈ ಪದಕ್ಕ ಗಂಟ್ಲು ಹರ್ಕೊಂತಿದ್ದೆ," ಎಂದಳು. "ಇವತ್ತು ಒದರೋದ ಬೇಕಾಗ್ಲಿಲ್ಲ ನೋಡು."

ಅವಳು ಹಿಡಿಯಬೇಕಿದ್ದ ಸಿಂಧನೂರಿನ ಬಸ್ಸು ಹೋಗುತ್ತಿದೆ ಎಂದು ಯಾರೋ ಕೂಗಿ ಹೇಳಿದರು. ಮುಂದಿನದಕ್ಕೆ ಹೋದರಾಯಿತು ಎಂದು ಕರೆಮ್ಮ ಇನ್ನೊಂದು ಪದ ಶುರುಮಾಡಿದಳು.