ಒಂದು ‘ಲ್ಲ’ಕ್ಕೆ ಒಂದು ಲೋಟ

ಅವರ ಬಲಗಾಲು ಮಂಡಿಯಲ್ಲಿ ಸೆಟೆದುಕೊಂಡಿತ್ತು. ಕೂರುವಾಗ ಮೊದಲು ಗೋಡೆ ಹಿಡಿದು, ಆಮೇಲೆ ಎಡಗೈ ಊರಿ, ಕೊನೆಗೆ ಆ ಕಾಲನ್ನು ಹಲಗೆಯ ಹಾಗೆ ಮುಂದಕ್ಕೆ ಚಾಚಿಬಿಡುತ್ತಿದ್ದರು. ಚಾಚಿದ ಕೂಡಲೇ ಅದು ಮಕ್ಕಳ ರಸ್ತೆ. ನನ್ನ ಮಗ ಪಾದದಿಂದ ಮಂಡಿಯವರೆಗೆ ಪ್ಲಾಸ್ಟಿಕ್ ಆಟೋ ಓಡಿಸುತ್ತಿದ್ದ. “ಮೆಲ್ಲಗೆ ಕಣಪ್ಪ, ಮುಂದೆ ಅಂಪ್ ಐತೆ,” ಎಂದು ಮಂಡಿ ತೋರಿಸುತ್ತಿದ್ದರು. ರಸ್ತೆಯ ಹಂಪು ಅವರ ಬಾಯಲ್ಲಿ ಅಂಪ್.

ನಾವೆಲ್ಲ ಅವರನ್ನು ಮಿಸ್ ಎನ್ನುತ್ತಿದ್ದೆವು. ಬ್ಯಾಟರಾಯನಪುರದ ಹಳೇ ಊರಿನವರು, ಅಂಗನವಾಡಿ ಕೆಲಸದಿಂದ ನಿವೃತ್ತರಾದವರು. ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಗೆ ಹೊಸ ಶೀಟು ಹಾಕಿಸಿ, ಚಾಪೆ ಹಾಸಿ, ಶನಿವಾರ ಬೆಳಿಗ್ಗೆ ನಮ್ಮಂಥ ಅಪ್ಪ ಅಮ್ಮಂದಿರನ್ನು ಸೇರಿಸುತ್ತಿದ್ದರು. ಮಾತು ತಡವಾದ, ಒಂದು ಕಡೆ ಕೂರದ, ಸಿಟ್ಟು ಬಂದರೆ ತಲೆ ಚಚ್ಚಿಕೊಳ್ಳುವ ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರು. ಮಕ್ಕಳೂ ಅಲ್ಲೇ ಆಡುತ್ತಿದ್ದವು. “ಥೆರಪಿ ಮಾಡೋಕೆ ಆಸ್ಪತ್ರೆಯೋರು ಅವ್ರೆ, ಅದನ್ನ ಬಿಡಬ್ಯಾಡಿ. ಮಕ್ಕಳ ಜೊತೆ ಮನೇಲಿರೋದು ಎಂಗೆ ಅಂತ ಇಲ್ಲಿ ಕಲಿಯಾನ,” ಎನ್ನುತ್ತಿದ್ದರು.

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊತ್ತವರ ಮಗಳು ನಾನು. ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ನನ್ನದು. ಒಂದೇ ಕೋಣೆಯ ಮನೆಯಲ್ಲಿ, ಟಿವಿ ಸದ್ದಿಗೆ ಕಿವಿಯಲ್ಲಿ ಹತ್ತಿ ತುರುಕಿಕೊಂಡು ಓದಿ ಪಡೆದದ್ದು. ಹಟ ಹಿಡಿದು ಓದಿದರೆ ಎಲ್ಲವೂ ದಕ್ಕುತ್ತದೆ ಎಂದು ನಂಬಿದ್ದೆ. ನಾಲ್ಕು ವರ್ಷವಾದರೂ ಮಗ ‘ಅಮ್ಮ’ ಎನ್ನದಿದ್ದಾಗ ಚಿತ್ರದ ಕಾರ್ಡುಗಳ ಡಬ್ಬ ತಂದೆ. ಇದೇನು, ಇದ್ಯಾವ ಬಣ್ಣ, ಹೇಳು, ಇನ್ನೊಂದು ಸಲ ಹೇಳು. ಒಂದು ದಿನ ಕೈಗೆ ಹೊಡೆದೂಬಿಟ್ಟೆ. ಆಮೇಲೆ ಆ ಡಬ್ಬದ ಮುಚ್ಚಳ ಸದ್ದಾದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಮಾತು ಹಾಗಿರಲಿ, ಮಗನೇ ನನ್ನಿಂದ ದೂರವಾಗುತ್ತಿದ್ದ.

ಮೊದಲ ಶನಿವಾರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದನ್ನು ಗಟ್ಟಿಯಾಗಿ ಓದಿದೆ. “ಮಾತಾಡಲ್ಲ. ಮುಖ ನೋಡಲ್ಲ. ಕರೆದ್ರೆ ತಿರುಗಲ್ಲ. ಯಾರ ಜೊತೆನೂ ಸೇರಲ್ಲ.”

“ನಾಲ್ಕು ಲೋಟ,” ಎಂದರು ಎದುರಿಗೆ ಕೂತಿದ್ದ ಆಟೋ ಓಡಿಸುವವರೊಬ್ಬರು. ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು.

ಅಲ್ಲಿಯ ಕಟ್ಟಳೆ ಅದು. ಮಗುವಿನ ವಿಷಯ ಹೇಳುವಾಗ ‘ಲ್ಲ’ ಎಂದು ಮುಗಿಸಿದರೆ, ಕೊನೆಗೆ ಎಲ್ಲರೂ ರಾಗಿ ಮಾಲ್ಟ್ ಕುಡಿದ ಲೋಟಗಳಲ್ಲಿ ಒಂದನ್ನು ತೊಳೆಯಬೇಕು. ಒಂದು ‘ಲ್ಲ’ಕ್ಕೆ ಒಂದು ಲೋಟ.

“ನಾನು ಮೊದಲನೇ ವಾರ ಹನ್ನೊಂದು ತೊಳ್ದೆ ಮೇಡಂ. ನಾಚ್ಕೆ ಏನಿಲ್ಲ,” ಎಂದು ಆಟೋದವರು ಸಮಾಧಾನ ಹೇಳಿದರು.

“ಲೋಟ,” ಎಂದರು ಎಲ್ಲರೂ ಅವರಿಗೆ, ಮಗುವಿನ ಮಾತಲ್ಲದಿದ್ದರೂ ಬಿಡದೆ.

ಮಿಸ್ ನನ್ನ ಕಡೆ ತಿರುಗಿದರು. “ಅವನಿಗೆ ಏನು ಬರಾಕಿಲ್ವೋ ಅದನ್ನ ಬೀದಿಯೋರೂ ಏಳ್ತಾರೆ. ಅವನು ಏನ್ ಮಾಡ್ತಾನೆ ಅಂತ ನಿಮಗೊಬ್ರಿಗೇ ಗೊತ್ತು. ಏಳಿ.”

ಹೊರಗೆ ಕಳಿಸುತ್ತಿದ್ದಾರೆ ಎಂದುಕೊಂಡು ನಾನು ನೋಟ್‌ಬುಕ್ ಮಡಚಿ ಎದ್ದು ನಿಂತೆ.

“ಅಯ್ಯೋ, ಎದ್ದೇಳಿ ಅಂದಿದ್ದಲ್ಲ ಕಣಮ್ಮ, ಬಾಯಲ್ಲಿ ಏಳಿ,” ಎಂದು ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ.

ಕೂತು ಯೋಚಿಸಿ ಹೇಳಿದೆ. “ನೀರು ಬೇಕಾದ್ರೆ ನನ್ನ ಬೆರಳು ಹಿಡ್ಕೊಂಡು ಫಿಲ್ಟರ್ ಹತ್ರ ಕರ್ಕೊಂಡು ಹೋಗ್ತಾನೆ.”

“ಅದೇ ಮಾತು. ಕೈಯಲ್ಲಿ ಆಡ್ತಾವ್ನೆ,” ಎಂದರು.

ಮನೆಗೆ ಒಂದು ಕೆಲಸ ಕೊಟ್ಟರು. ದಿನಕ್ಕೆ ಹತ್ತು ನಿಮಿಷ ಅವನ ಪಕ್ಕ ನೆಲದ ಮೇಲೆ ಕೂತು, ಅವನು ಆಡಿದ್ದನ್ನೇ ಆಡಬೇಕು. ಒಂದೂ ಪ್ರಶ್ನೆ ಕೇಳಕೂಡದು. “ಪರೀಕ್ಷೆ ಬರೆದೂ ಬರೆದೂ ನಿಮಗೆ ಪ್ರಶ್ನೆ ಚಾಳಿ ಅಂಟ್ಕೊಂಡದೆ,” ಎಂದರು. ಎಸ್‌ಎಸ್‌ಎಲ್‌ಸಿಗೆ ಓದು ನಿಲ್ಲಿಸಿದವರು ಡಿಗ್ರಿಯವಳಿಗೆ ಹೇಳಿಕೊಡುವುದೇ ಎಂದು ಬಸ್ಸಿನುದ್ದಕ್ಕೂ ಕುದಿಯುತ್ತ ಬಂದೆ. ಆದರೂ ಕಾರ್ಡಿನ ಡಬ್ಬವನ್ನು ಅಟ್ಟದ ಮೇಲಿಟ್ಟೆ.

ನಾನು ಬರೆದ ಯಾವ ಪರೀಕ್ಷೆಯೂ ಆ ಹತ್ತು ನಿಮಿಷದಷ್ಟು ಕಷ್ಟವಿರಲಿಲ್ಲ. ಪ್ರಶ್ನೆಗಳು ಗಂಟಲಿಗೆ ಬಂದು ನಿಲ್ಲುತ್ತಿದ್ದವು. ಅವನು ಚಕ್ರ ತಿರುಗಿಸಿದರೆ ನಾನೂ ತಿರುಗಿಸುತ್ತಿದ್ದೆ. ಮೊದಮೊದಲು ನನಗೆ ಬೆನ್ನು ಹಾಕಿ ಕೂರುತ್ತಿದ್ದ. ಎರಡು ತಿಂಗಳಾಗಿರಬೇಕು, ಒಂದು ಸಂಜೆ ನಾನು ಮಿಸ್ ಹಾಗೆ ಕಾಲು ಚಾಚಿ ಕೂತಿದ್ದೆ. ಆಟೋ ತಂದು ನನ್ನ ಪಾದದ ಮೇಲಿಟ್ಟ. ಮಂಡಿಯವರೆಗೆ ಓಡಿಸಿ, ನಿಲ್ಲಿಸಿ, ನನ್ನ ಮುಖ ನೋಡಿದ.

“ಅಂಪ್,” ಎಂದ.

ಮೊದಲ ಮಾತು, ಅದೂ ಮಿಸ್ ಉಚ್ಚಾರಣೆಯಲ್ಲಿ. ನಾನು ತಿದ್ದಲು ಹೋಗಲಿಲ್ಲ.

ಮಿಸ್ ಹೋಗಿದ್ದು ಈ ವರ್ಷ, ಹೃದಯಾಘಾತದಿಂದ. ಕಾರ್ಯ ಮುಗಿದ ಮೇಲಿನ ಶನಿವಾರ ಅವರ ಸೊಸೆಯೇ ಕೊಟ್ಟಿಗೆಯ ಬೀಗ ತೆಗೆದುಕೊಟ್ಟರು. ಮಾಲ್ಟ್ ನಾನು ಕಾಸಿದೆ. ಯಾರೋ ಹೇಳಿ ಕಳಿಸಿದ್ದ ಹೊಸ ತಾಯಿಯೊಬ್ಬರು ಮಗುವನ್ನು ಕಂಕುಳಲ್ಲಿ ಹೊತ್ತು ಬಾಗಿಲಲ್ಲಿ ನಿಂತು, “ಮಿಸ್ ಇದಾರಾ?” ಎಂದರು.

“ಮಿಸ್ ಇಲ್ಲ,” ಎಂದೆ.

ಆಟೋದವರು ಚಾಪೆಯ ಎಳೆ ಕೀಳುತ್ತ ಕೂತರು. ಮೂಲೆಯಲ್ಲಿ ಆಡುತ್ತಿದ್ದ ನನ್ನ ಮಗ ಎದ್ದು ಬಂದ. ಈಗ ಅವನಿಗೆ ಏಳು ವರ್ಷ, ಮಾತು ಇವತ್ತಿಗೂ ಎಣಿಸಿದಷ್ಟೇ. ತಟ್ಟೆಯಿಂದ ಒಂದು ಲೋಟ ತೆಗೆದು ನನ್ನ ಕೈಗಿಟ್ಟು, “ಲೋಟ,” ಎಂದ. ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ, ಮಿಸ್ ಅವರ ಲೋಟ.

ತೊಳೆದು, ಒರೆಸಿ, ಗೂಡಿನಲ್ಲಿಟ್ಟು ಬಂದೆ. ಹೊಸ ತಾಯಿ ಅಷ್ಟರಲ್ಲಿ ಚಾಪೆಯ ತುದಿಯಲ್ಲಿ ಮುದುರಿ ಕೂತಿದ್ದರು. ಅವರ ಎದುರು ಕೂತು ಬಲಗಾಲು ಚಾಚಿದೆ.

“ಮಗು ಏನೇನ್ ಮಾಡುತ್ತೆ? ಏಳಿ,” ಎಂದೆ.

ಆಕೆ ಎದ್ದು ನಿಂತರು.